ಅರ್ಶೋಯಂತ್ರವೂ ಧ್ವನಿಶಲಾಕೆಯೂ

ಸುಶ್ರುತಸಂಹಿತೆಯು ಗುದದ ಪ್ರಮಾಣವನ್ನು ನಾಲ್ಕೂವರೆ ಅಂಗುಲವೆಂದು ಹೇಳಿ, ಅದರಲ್ಲಿ ಪ್ರವಾಹಣೀ, ವಿಸರ್ಜನೀ, ಸಂವರಣೀ ಎಂಬ ಮೂರು ವಲಿಗಳನ್ನು ಎಣಿಸಿದೆ. ಅಲ್ಲಿ ವಿಹಿತವಾದ ಅರ್ಶೋಯಂತ್ರವು ಗೋಸ್ತನಾಕಾರವುಳ್ಳುದು. ಉದ್ದ ೪ ಅಂಗುಲ. ಸುತ್ತಳತೆ ಪುರುಷರಿಗೆ ೫, ಸ್ತ್ರೀಯರಿಗೆ ೬ ಅಂಗುಲ. ದರ್ಶನಾರ್ಥವಾದುದಕ್ಕೆ ಎರಡು ರಂಧ್ರ, ಚಿಕಿತ್ಸೆಗಾದುದಕ್ಕೆ ಒಂದೇ. ದ್ವಾರವೊಂದೇ ಆದರೆ ಶಸ್ತ್ರ, ಕ್ಷಾರ, ಅಗ್ನಿಗಳು ಎಲ್ಲೆ ಮೀರವೆಂಬುದು ಕಾರಣ.

ಆದರೆ ಈ ಯಂತ್ರವು ತೋರುವುದು ಒಳಮೈಯನ್ನು ಮಾತ್ರ. ಭಗಂದರವು ಮಾಂಸದೊಳಗೆ ಹರಿದ ಮಾರ್ಗವನ್ನು ಏಷಣಿಯೆಂಬ ಶೋಧಕ ಶಲಾಕೆಯಿಂದ ತಡವಿಯೇ ಅರಿಯಬೇಕಾಗಿತ್ತು.

ಈ ಮರೆಯು ಸರಿದುದು ಇತ್ತೀಚೆಗೆ. ೧೯೮೯ರಲ್ಲಿ ಲಂಡನ್ನಿನ ಲಾ ಮತ್ತು ಬಾರ್ಟ್ರಮ್ ಎಂಬ ವೈದ್ಯರು, ಸಣ್ಣ ಶಲಾಕೆಯಿಂದ ಶ್ರವಣಾತೀತ ಧ್ವನಿಯನ್ನು ಸುತ್ತಲೂ ಹೊರಡಿಸಿ, ಅದರ ಪ್ರತಿಧ್ವನಿಯಿಂದ ಗುದದ ಸಂಕೋಚಕ ಪೇಶಿಗಳನ್ನು ಚಿತ್ರಿಸುವ ಕ್ರಮವನ್ನು ವಿವರಿಸಿದರು. ೧೯೯೩ರಲ್ಲಿ ಸುಲ್ತಾನ್ ಮೊದಲಾದವರು ಇದೇ ಅಲ್ಟ್ರಾಸೌಂಡ್ ಪರೀಕ್ಷೆಯಿಂದ, ಸಹಜವಾಗಿ ಚೊಚ್ಚಲ ಹೆರಿಗೆಯಾದ ಸ್ತ್ರೀಯರಲ್ಲಿ ನೂರಕ್ಕೆ ೩೫ ಮಂದಿಗೆ ಪೇಶಿಭಂಗವನ್ನು ಕಂಡರು. ಅದು ಬಹುಮಟ್ಟಿಗೆ ಕಣ್ಣಿಗೆ ಬೀಳದ ಗಾಯ. ಮಲವನ್ನು ತಡೆಯಲಾರದೆ ನಾಚಿಕೆಯಿಂದ ಮೌನವಾಗಿದ್ದವರ ಸಂಕಟಕ್ಕೆ ಹೀಗೆ ಸಾಕ್ಷ್ಯವು ದೊರೆಯಿತು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯು ಸಂಸ್ಕೃತವಿದ್ಯೆಯ ನೆಲೆ; ನೆರೆಯ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ೧೯೮೬ರಲ್ಲಿ ವೈದ್ಯ ಮಹಾವಿದ್ಯಾಲಯವು ಸ್ಥಾಪಿತವಾಯಿತು. ಇಷ್ಟು ಸಮೀಪದಲ್ಲಿರುವ ಎರಡು ವಿದ್ಯೆಗಳಿಗೂ ಪರಿಭಾಷೆಯು ಸಮಾನವಾಗಬಹುದು. ಏಷಣಿಯೆಂಬ ಪದವು ಈ ನೂತನ ಶಲಾಕೆಗೂ ಸಲ್ಲುವುದು. ಆದರೆ ಆ ಪದದ ಬಲದಿಂದ ಧ್ವನಿವಿದ್ಯೆಯನ್ನು ಪ್ರಾಚೀನರಲ್ಲಿ ಆರೋಪಿಸುವುದು ಯುಕ್ತವಲ್ಲ. ಅವರು ಅಳೆದು ಹೇಳಿದುದೇ ಅವರ ಕೀರ್ತಿಗೆ ಸಾಕು.