ಆಂಗ್ಲ ಶಾಸ್ತ್ರಗದ್ಯದಲ್ಲಿ ಊಹೆಯ ವಾಕ್ಸರಣಿ

ಆಂಗ್ಲ ಭಾಷೆಯ ಶಾಸ್ತ್ರಗ್ರಂಥಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ‘ಪರ್‌ಹ್ಯಾಪ್ಸ್’, ‘ಇಟ್ ಸೀಮ್ಸ್’ ಮುಂತಾದ ಮಾತುಗಳನ್ನು ಬರಿಯ ಶಿಷ್ಟಾಚಾರವೆಂದು ಭಾವಿಸಿ, ಸಾರಾಂಶ ಬರೆಯುವಾಗ ಕೈಬಿಡುವುದುಂಟು. ಆದರೆ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ಭೇದವನ್ನು ವಾಕ್ಯದಲ್ಲಿಯೇ ಕಾಣಿಸುವ ಪ್ರಯತ್ನದಲ್ಲಿ ಈ ಮಾತುಗಳಿಗೆ ಮುಖ್ಯ ಸ್ಥಾನವಿದೆ. ಆ ಪ್ರಯತ್ನದ ಕೆಲವು ಘಟ್ಟಗಳನ್ನು ಇಲ್ಲಿ ಪರಿಶೀಲಿಸೋಣ.

೧೬೬೦ರಲ್ಲಿ ಲಂಡನ್ನಿನಲ್ಲಿ ರಾಯಲ್ ಸೊಸೈಟಿಯು ಸ್ಥಾಪಿತವಾಯಿತು. ಅದೇ ವರ್ಷ ರಾಬರ್ಟ್ ಬಾಯ್ಲ್ ತನ್ನ ವಾಯುರೇಚಕ ಯಂತ್ರದ ಪ್ರಯೋಗಗಳನ್ನು ಪ್ರಕಟಿಸಿದನು. ಪಾತ್ರೆಯೊಳಗಿನ ಗಾಳಿಯನ್ನು ತೆಗೆದಂತೆಲ್ಲ ವಾಯುಭಾರಮಾಪಕದ ಪಾದರಸವು ಇಳಿಯಿತೆಂಬುದನ್ನು ಆತನು ನಿಸ್ಸಂದೇಹವಾಗಿ ಹೇಳುತ್ತಾನೆ. ಆದರೆ ಗಾಳಿಗೆ ಪುಟಿಯುವ ಗುಣವು ಬಂದುದು ಹೇಗೆ? ಅದರ ಕಣಗಳು ಉಣ್ಣೆಯ ಎಳೆಗಳಂತೆ ಅದುಮಿದರೆ ಕುಗ್ಗಿ ಬಿಟ್ಟರೆ ಹಿಗ್ಗುವುವೋ, ಅಥವಾ ಡೆಕಾರ್ಟ್ ಹೇಳಿದಂತೆ ಸೂಕ್ಷ್ಮದ್ರವ್ಯದ ಚಲನೆಯಿಂದ ಸುತ್ತುತ್ತಿರುವುವೋ ಎಂದು ಎರಡು ವಿವರಣೆಗಳನ್ನೂ ಮುಂದಿಟ್ಟು, ತೀರ್ಪು ಕೊಡದೆ ನಿಲ್ಲುತ್ತಾನೆ. ೧೬೬೧ರಲ್ಲಿ ಹೊರಬಂದ ಪ್ರಬಂಧಸಂಗ್ರಹದ ಪೀಠಿಕೆಯಲ್ಲಿ, ‘ಪ್ರಾಯಶಃ’, ‘ಹಾಗೆ ತೋರುತ್ತದೆ’, ‘ಅಸಂಭವವಲ್ಲ’ ಎಂಬರ್ಥದ ಮಾತುಗಳನ್ನು ತಾನು ಬೇಕೆಂದೇ ಬಳಸಿರುವುದಾಗಿ ವಿವರಿಸುತ್ತಾನೆ. ಕಂಡ ಸಂಗತಿಯನ್ನು ಧೈರ್ಯದಿಂದಲೂ ಅದರ ಕಾರಣವನ್ನು ಶಂಕೆಯಿಂದಲೂ ಹೇಳುವುದು ಆತನ ನಿಯಮ.

ಈ ನಿಯಮವು ಒಬ್ಬನ ಸ್ವಭಾವಮಾತ್ರವಾಗಿರಲಿಲ್ಲ. ೧೬೬೫ರಲ್ಲಿ ರಾಬರ್ಟ್ ಹುಕ್ ತನ್ನ ‘ಮೈಕ್ರೊಗ್ರಾಫಿಯ’ವನ್ನು ಸೊಸೈಟಿಗೆ ಅರ್ಪಿಸುವಾಗ, ಸೊಸೈಟಿಯ ಕಟ್ಟಳೆಗೆ ಮೀರಿದ ಖಚಿತವಾದ ಮಾತುಗಳು ಗ್ರಂಥದಲ್ಲಿ ಬಂದಿದ್ದರೆ ಅವನ್ನು ಊಹೆಗಳೆಂದೇ ತಿಳಿಯಬೇಕೆಂದೂ, ಅವುಗಳ ಹೊಣೆ ತನ್ನದೇ ಹೊರತು ಸೊಸೈಟಿಯದಲ್ಲವೆಂದೂ ಬಿನ್ನವಿಸಿಕೊಂಡನು. ಹೀಗೆ ಶಂಕೆಯ ಮಾತು ಸತ್ಯನಿಷ್ಠೆಯ ಗುರುತಾದಂತೆ ಆಕ್ಷೇಪಣೆಯಿಂದ ರಕ್ಷಿಸುವ ಗುರಾಣಿಯೂ ಆಯಿತೆಂಬುದನ್ನು ನಾವು ಮರೆಯಬಾರದು.

ಎಲ್ಲರೂ ಇದನ್ನು ಒಂದೇ ರೀತಿಯಲ್ಲಿ ಪಾಲಿಸಲಿಲ್ಲ. ಬಿಳಿಯ ಬೆಳಕು ಹಲವು ಬಣ್ಣಗಳ ಕಿರಣಗಳ ಮಿಶ್ರಣವೆಂದು ನ್ಯೂಟನ್ ೧೬೭೨ರಲ್ಲಿ ತಿಳಿಸಿದಾಗ, ಹುಕ್ ಪ್ರಯೋಗಗಳನ್ನು ಒಪ್ಪಿಯೂ ವಿವರಣೆಯನ್ನು ಕೇವಲ ಊಹೆಯೆಂದನು. ಆ ಹೆಸರನ್ನು ನ್ಯೂಟನ್ ಒಪ್ಪಲಿಲ್ಲ. ಅದು ಪ್ರಯೋಗಸಿದ್ಧವಾದ ನಿರ್ಣಯವೆಂದು ವಾದಿಸಿದನು. ಆದರೆ ೧೭೦೪ರ ‘ಆಪ್ಟಿಕ್ಸ್’ ಗ್ರಂಥದ ಅಂತ್ಯದಲ್ಲಿ, ತಾನು ಸಿದ್ಧಪಡಿಸಲಾರದ ವಿಚಾರಗಳನ್ನು ೧೬ ಪ್ರಶ್ನೆಗಳ ರೂಪದಲ್ಲಿಟ್ಟನು. ಮುಂದಿನ ಆವೃತ್ತಿಗಳಲ್ಲಿ ಅವು ೩೧ ಆದುವು. ಅವುಗಳಲ್ಲಿ ಹಲವು ‘ಹೀಗಲ್ಲವೆ?’ ಎಂಬ ಧಾಟಿಯವು. ರೂಪದಲ್ಲಿ ಪ್ರಶ್ನೆ, ಒಲವಿನಲ್ಲಿ ಉತ್ತರ.

ಪ್ರಕೃತಿಶಾಸ್ತ್ರದಲ್ಲಿ ಕಂಡ ಈ ಎಚ್ಚರವನ್ನು ಭಾಷೆಗಳ ಚರಿತ್ರೆಯಲ್ಲಿಯೂ ಕಾಣಬಹುದು. ೧೭೮೬ರ ಫೆಬ್ರವರಿ ೨ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸ್ ಮಾಡಿದ ಭಾಷಣವು ಇದಕ್ಕೆ ನಿದರ್ಶನ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿದುವೆಂದು ಆತನು ದೃಢವಾಗಿ ಹೇಳಿ, ಆ ಮೂಲವು ಪ್ರಾಯಶಃ ಈಗ ಉಳಿದಿಲ್ಲವೆಂದನು. ಗಾಥಿಕ್, ಕೆಲ್ಟಿಕ್ ಭಾಷೆಗಳ ವಿಷಯದಲ್ಲಿ ಆಧಾರವು ಅಷ್ಟು ಪ್ರಬಲವಲ್ಲವೆಂದು ಸೂಚಿಸಿದನು. ಪ್ರಾಚೀನ ಪಾರಸಿಯನ್ನು ಸೇರಿಸಬಹುದೆಂದಷ್ಟೇ ನುಡಿದನು. ಒಂದೆರಡು ವಾಕ್ಯಗಳಲ್ಲಿಯೇ ನಂಬಿಕೆಯ ಹಲವು ಮೆಟ್ಟಿಲುಗಳಿವೆ. ಇವೆಲ್ಲವೂ ಒಂದೇ ಬಂಧುವರ್ಗವೆಂದು ಜೋನ್ಸ್ ಸಿದ್ಧಪಡಿಸಿದನೆಂದು ನಾವು ಸಂಗ್ರಹಿಸಿದರೆ ಆ ಮೆಟ್ಟಿಲುಗಳು ಅಳಿಸಿಹೋಗುತ್ತವೆ. ಫ್ರಾಂಟ್ಸ್ ಬಾಪ್ ೧೮೧೬ರಲ್ಲಿ ಕ್ರಿಯಾರೂಪಗಳನ್ನು ಹೋಲಿಸಿ ತೋರಿಸಿದ ಕಾರ್ಯದ ಅಗತ್ಯವೇನೆಂಬುದೂ ಆಗ ತಿಳಿಯದಾಗುತ್ತದೆ.

ಆಂಗ್ಲರು ಈ ಭೇದವನ್ನು ಹೆಚ್ಚಾಗಿ ಬಿಡಿಪದಗಳಲ್ಲಿ ಇಡುವುದರಿಂದ ಅದನ್ನು ಬಿಡುವುದು ಸುಲಭ. ಕನ್ನಡದಲ್ಲಿ ‘ಇದೆ’, ‘ಇರಬೇಕು’, ‘ಇರಬಹುದು’, ‘ಇದ್ದೀತು’ ಎಂದು ಕ್ರಿಯಾಪದವೇ ಅದನ್ನು ಹೊರಬಲ್ಲುದು. ಆದುದರಿಂದ ಅನುವಾದಕನಿಗೆ ಸಾಧನದ ಕೊರತೆಯಿಲ್ಲ. ‘ಇರಬಹುದು’ ಎಂದಿದ್ದುದನ್ನು ‘ಇದೆ’ ಎಂದು ಬರೆದರೆ ಲೇಖಕನು ಹೇಳದ ಮಾತನ್ನು ಹೇಳಿಸಿದಂತಾಗುತ್ತದೆ. ಅಧ್ಯಾಪಕರು ತರಗತಿಯಲ್ಲಿ ಒಂದು ಪುಟವನ್ನೆತ್ತಿಕೊಂಡು, ಪ್ರತಿವಾಕ್ಯದಲ್ಲಿಯೂ ಲೇಖಕನು ಎಷ್ಟರಮಟ್ಟಿಗೆ ಹೊಣೆ ಹೊತ್ತಿದ್ದಾನೆಂದು ಕೇಳುವುದು ಉತ್ತಮ ಅಭ್ಯಾಸವೆಂದು ನಾವು ಭಾವಿಸುತ್ತೇವೆ.