ಮಂಜರಾಬಾದಿನ ನಕ್ಷತ್ರ, ಶ್ರೀರಂಗಪಟ್ಟಣದ ಹುಲಿ

ಯಸಳೂರು ಕಡೆಯವರಿಗೆ ಸಕಲೇಶಪುರವೆಂದರೆ ಸಂತೆ, ಆಸ್ಪತ್ರೆ, ತಾಲ್ಲೂಕು ಕಚೇರಿ. ಅದನ್ನು ದಾಟಿ ಮಂಗಳೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್ ಬಳಿ, ಸುಮಾರು 3,240 ಅಡಿ ಎತ್ತರದ ಗುಡ್ಡದ ಮೇಲೆ ಮಂಜರಾಬಾದ್ ಕೋಟೆಯಿದೆ. ಶಾಲೆಯ ಪ್ರವಾಸದಲ್ಲಿ ನಾನದನ್ನು ಮೊದಲು ನೋಡಿದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಹೋದರೆ ಅರಮನೆಯಿಲ್ಲ, ಸಿಂಹಾಸನವಿಲ್ಲ. ನಡುವೆ ಆಳದ ಕೊಳ, ಅದರ ಪಕ್ಕ ಮದ್ದಿನ ನೆಲಮನೆಗಳು, ಸುತ್ತ ಗೋಡೆ. “ಇದು ನಕ್ಷತ್ರದ ಆಕಾರದ ಕೋಟೆ” ಎಂದರು ಮೇಷ್ಟ್ರು. ನಾವು ಕತ್ತು ತಿರುಗಿಸಿ ತಿರುಗಿಸಿ ನೋಡಿದೆವು. ಗೋಡೆಯ ಮೇಲೆ ಓಡಾಡಿದಷ್ಟೂ ಮೂಲೆಗಳು ಸಿಕ್ಕವೇ ಹೊರತು ನಕ್ಷತ್ರ ಸಿಗಲಿಲ್ಲ.

ಟಿಪ್ಪು ಸುಲ್ತಾನ್ 1792ರ ಸುಮಾರಿಗೆ ಕಟ್ಟಿಸಿದ ಕೋಟೆಯಿದು. ಹೊರಗೆ ಕಪ್ಪು ಶಿಲೆ, ಒಳಗಿನ ಕೋಣೆಗಳಿಗೆ ಸುಟ್ಟ ಇಟ್ಟಿಗೆ, ಗಾರೆ. ನಮ್ಮ ನಾಡಿನ ಹಳೆಯ ಕೋಟೆಗಳಲ್ಲಿ ದುಂಡನೆಯ ಬುರುಜುಗಳೇ ಹೆಚ್ಚು. ದುಂಡು ಬುರುಜಿನ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿನವನ ಗುಂಡು ಅವನಿಗೆ ತಾಗದು. ಎಂಟು ಮೊನೆಗಳ ಈ ಕೋಟೆಯಲ್ಲಿ ಒಂದು ಮೊನೆಯ ಪಕ್ಕವನ್ನು ಇನ್ನೊಂದು ಮೊನೆ ಕಾಯುತ್ತದೆ, ಶತ್ರುವಿಗೆ ಅಡಗಲು ಜಾಗವೇ ಉಳಿಯುವುದಿಲ್ಲ. ಇಂಥ ಕೋಟೆಗಳನ್ನು ಲೆಕ್ಕ ಹಾಕಿ ಕಟ್ಟುವುದನ್ನು ಒಂದು ಶಾಸ್ತ್ರವಾಗಿಸಿದವನು 17ನೇ ಶತಮಾನದ ಫ್ರೆಂಚ್ ಎಂಜಿನಿಯರ್ ವೋಬಾನ್. ಫಿರಂಗಿಯ ಗಣಿತ ಗೋಡೆಯ ರೇಖೆಯಾಯಿತು, ಆ ರೇಖೆ ಅಂದದ ನಕ್ಷತ್ರವಾಯಿತು. ಇದರಲ್ಲಿ ಯಂತ್ರಶಾಸ್ತ್ರ ಎಷ್ಟು, ಕಲೆ ಎಷ್ಟು ಎಂದು ಬಿಡಿಸಿ ಹೇಳುವುದು ನನ್ನಿಂದಾಗದು.

ಹೆಸರಿನ ಕಥೆ ಎಲ್ಲರಿಗೂ ಗೊತ್ತು. ಕೋಟೆ ನೋಡಲು ಬಂದ ಸುಲ್ತಾನನಿಗೆ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲವಂತೆ, ಹಾಗಾಗಿ ಮಂಜಿನ ಆಬಾದ್. ನಡುವಿನ ‘ರ’ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಉರ್ದು ಓದಿದ ನನ್ನ ಕಿವಿಗೆ ಅದರಲ್ಲಿ ‘ಮಂಜರ್’, ಅಂದರೆ ನೋಟ ಎಂಬ ಶಬ್ದವೂ ಕೇಳಿಸುತ್ತದೆ. ಇದು ಪಂಡಿತರ ಮಾತಲ್ಲ, ಕಥೆಗಾರನ ಚಪಲ.

ಒಂದು ಸಂಗತಿಯನ್ನು ಮುಚ್ಚಿಡಬಾರದು. ಈ ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪನಾಯಕ ಟಿಪ್ಪುವಿನ ವಿರುದ್ಧ ಮರಾಠರ ದಂಡು ಸೇರಿದ್ದ, ಸಂಧಿಯಾದ ಮೇಲೆ ಅಂಜಿ ಕೊಡಗಿಗೆ ಓಡಿದ್ದ. ಅದೇ ಐಗೂರು ಮನೆತನದ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಇಂಗ್ಲಿಷರು ಗಲ್ಲಿಗೇರಿಸಿದರು. ಈ ಗುಡ್ಡಗಳಲ್ಲಿ ಯಾರ ಸ್ವಾತಂತ್ರ್ಯಕ್ಕೆ ಯಾರು ಶತ್ರು ಎಂಬುದು ಅಷ್ಟು ಸರಳವಲ್ಲ. ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿದಾಗಲೂ 2019ರಲ್ಲಿ ಅದನ್ನು ರದ್ದು ಮಾಡಿದಾಗಲೂ ನಾವು ಸುಲ್ತಾನನ ಬಗ್ಗೆಯೇ ಜಗಳವಾಡಿದೆವು. ಅವನ ಕಾಲದಲ್ಲಿ ಕಲ್ಲು ಕೆತ್ತಿದವರು, ಅಳತೆ ಹಿಡಿದವರು, ಮರಕ್ಕೆ ಬಣ್ಣ ಬಳಿದವರು ಯಾರ ಬಾಯಲ್ಲೂ ಬರಲಿಲ್ಲ.

ಮರ ಎಂದಾಗ ಹುಲಿ ನೆನಪಾಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರಿಗೆ ಅರಮನೆಯ ಸಂಗೀತ ಶಾಲೆಯಲ್ಲಿ ಸಿಕ್ಕ ಮರದ ಹುಲಿ ಅದು. ಆರಡಿಗೆ ತುಸು ಕಡಿಮೆ ಉದ್ದ. ಅಂಗಾತ ಬಿದ್ದ ಐರೋಪ್ಯನ ಎದೆಯ ಮೇಲೆ ನಿಂತಿದೆ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ತುಂಬಿಕೊಳ್ಳುತ್ತವೆ, ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ಗಂಟಲ ಕೊಳವೆ ನರಳುತ್ತದೆ, ಹುಲಿ ಗುರುಗುಟ್ಟುತ್ತದೆ. ಪಕ್ಕೆಯ ಮುಚ್ಚಳ ತೆರೆದರೆ 18 ಸ್ವರಗಳ ಆರ್ಗನ್! ಹಾರ್ಮೋನಿಯಂನ ತಿದಿ ಒತ್ತಿದವರಿಗೆ ಇದರ ಒಳಗುಟ್ಟು ಅರ್ಧ ತಿಳಿದಂತೆಯೇ.

1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಪ್ಯಾರಿಸ್ಸಿಗೆ ಹೋಗಿ 16ನೇ ಲೂಯಿಯನ್ನು ಕಂಡು, ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. ಹುಲಿಯೊಳಗಿನ ಯಂತ್ರದಲ್ಲಿ ಫ್ರೆಂಚರ ಕೈಯಿದೆ ಎಂದು ಊಹಿಸುವವರಿದ್ದಾರೆ. ಇರಲಿ, ಆದರೆ ಹೊರಗಿನ ಪಟ್ಟೆ, ಕಣ್ಣು, ಬಣ್ಣ ಈ ನಾಡಿನವು. ಲಂಡನ್ನಿಗೆ ಹೋದ ಹುಲಿಯನ್ನು 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟರು. ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸುವವರೇ, ಪಕ್ಕದಲ್ಲಿ ಓದುತ್ತಿದ್ದವರಿಗೆ ತಲೆನೋವು. ಎರಡನೇ ಮಹಾಯುದ್ಧದಲ್ಲಿ ಛಾವಣಿ ಕುಸಿದು ಪೆಟ್ಟಾಯಿತು, ರಿಪೇರಿಯಾಯಿತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಮೌನವಾಗಿದೆ.

ನಮ್ಮ ಕೋಟೆಯನ್ನು ಯಾರೂ ಒಯ್ಯಲಾಗಲಿಲ್ಲ. ಡ್ರೋನ್ ಕ್ಯಾಮೆರಾಗಳು ಬಂದ ಮೇಲೆ ಅದರ ನಕ್ಷತ್ರ ಎಲ್ಲರ ಮೊಬೈಲಿಗೂ ಇಳಿದಿದೆ. ಮೊನ್ನೆ ಹೋದಾಗ ಇಬ್ಬರು ಹುಡುಗರು ಬಾಗಿಲ ಕಮಾನಿನ ಕೆಳಗೆ ನಿಂತು ಅದೇ ಚಿತ್ರ ನೋಡುತ್ತಿದ್ದರು. “ಅಣ್ಣಾ, ಆಗ ಮೇಲಿಂದ ನೋಡೋಕೆ ಏನೂ ಇರಲಿಲ್ವಲ್ಲ, ಹೆಂಗೆ ಕಟ್ಟಿದ್ರು?” ಎಂದ ಒಬ್ಬ.

ನಾನು ತಲೆಯೆತ್ತಿ ನೋಡಲು ಹೇಳಿದೆ. ಆ ದ್ವಾರದ ಒಳಛಾವಣಿಯಲ್ಲಿ ಕೋಟೆಯ ನಕ್ಷೆಯನ್ನೇ ಕೊರೆದಿದ್ದಾರೆ. ಹೆಸರಿಲ್ಲ, ರುಜುವಿಲ್ಲ. ಹುಡುಗ ಮೊಬೈಲನ್ನು ಎತ್ತಿ ಹಿಡಿದು ಒಂದೊಂದೇ ಮೊನೆಯನ್ನು ಹೋಲಿಸುತ್ತಾ ಎಣಿಸತೊಡಗಿದ.