ಆನೆ ಹಿಂಡು ಮತ್ತು ವಜ್ರಾಪವರ್ತನ

ಹೈದರಾಬಾದಿನಿಂದ ಕಲಬುರಗಿ ಕಡೆ ಟ್ರೇನಲ್ಲಿ ಹೋಗೋರಿಗೆ ವಾಡಿ ಜಂಕ್ಷನ್‌ಗಿಂತ ಮುಂಚೆ ಮಳಖೇಡ ರೋಡ್ ಅಂತ ಒಂದು ಸ್ಟೇಷನ್ ಸಿಗುತ್ತೆ. ನಾನಂತೂ ಎಷ್ಟೋ ಸಲ ನಿದ್ದೆಯಲ್ಲೇ ಅದನ್ನ ದಾಟಿದ್ದೀನಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದ್ರೆ ಈ ಮಳಖೇಡವೇ. ಮೊನ್ನೆ ಆರನೇ ಕ್ಲಾಸಿನ ಮಗಳು ಆ ಕಾಲಕ್ಕೆ ನನ್ನನ್ನ ಎಳ್ಕೊಂಡು ಹೋದಳು.

"ಅಪ್ಪ, ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವಾ? ಭಿನ್ನರಾಶಿಯಲ್ಲಿ ಯಾಕೆ ಕಮ್ಮಿ ಆಗುತ್ತೆ? ಮತ್ತೆ ಮೇಲೊಂದು ಕೆಳಗೊಂದು ಅಡ್ಡ ಹೊಡೀತೀಯಲ್ಲ, ಹಾಗೆ ಹೊಡೀಬಹುದು ಅಂತ ಯಾರು ಹೇಳಿದ್ದು?"

ಎಂ.ಟೆಕ್ ಮಾಡಿದ್ದೀನಿ ಸ್ವಾಮಿ, ಬಾಯಿ ಬರಲಿಲ್ಲ. ನಮಗೆ ಹೊಡಿ ಅಂದಿದ್ರು, ಹೊಡೆದಿದ್ವಿ, ಮಾರ್ಕ್ಸ್ ಬಂದಿತ್ತು.

ಯಾರು ಹೇಳಿದ್ದು ಅಂತ ಹುಡುಕಿದಾಗ ಸಿಕ್ಕಿದ್ದು 9ನೇ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯ. ಅವನ 'ಗಣಿತಸಾರಸಂಗ್ರಹ'ದ ಶುರುವಿನಲ್ಲೇ ಅಮೋಘವರ್ಷ ನೃಪತುಂಗನ ಹೊಗಳಿಕೆ ಬರುತ್ತೆ. ಪುಸ್ತಕ ಇರೋದು ಸಂಸ್ಕೃತದಲ್ಲಿ, ಕನ್ನಡದಲ್ಲಲ್ಲ. ವಾಟ್ಸಾಪಲ್ಲಿ ಬೇರೆ ಥರ ಬಂದ್ರೆ ನಂಬಬೇಡಿ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನ ತೆಲುಗಿಗೆ ತಂದ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯ್ತು.

ಭಿನ್ನರಾಶಿ ಗುಣಾಕಾರಕ್ಕೆ ಅವನ ನಿಯಮ ಇದು: ಅಂಶವನ್ನ ಅಂಶದಿಂದ, ಛೇದವನ್ನ ಛೇದದಿಂದ ಗುಣಿಸು, ಸಾಧ್ಯವಿದ್ದರೆ ಅದಕ್ಕೆ ಮೊದಲು 'ವಜ್ರಾಪವರ್ತನ' ಮಾಡು. ನಾವು ಅಡ್ಡ ಹೊಡೆಯೋದಕ್ಕೆ ಎಂಥಾ ಗಂಭೀರವಾದ ಹೆಸರು ನೋಡಿ!

ಇನ್ನು ಲೆಕ್ಕಗಳಂತೂ ಕಾಡು, ಬೆಟ್ಟ, ಕೊಳ. ಒಂದು ಹೀಗಿದೆ. ಆನೆ ಹಿಂಡಿನ ಮೂರನೇ ಒಂದು ಭಾಗ, ಜೊತೆಗೆ ಉಳಿದದ್ದರ ವರ್ಗಮೂಲದ ಮೂರು ಪಟ್ಟು, ಬೆಟ್ಟದ ಇಳಿಜಾರಲ್ಲಿ ಕಂಡವು. ಕೊನೆಗೆ ಉಳಿದ ಒಂದು ಗಂಡಾನೆ, ಮೂರು ಹೆಣ್ಣಾನೆ ಕೊಳದಲ್ಲಿವೆ. ಒಟ್ಟು ಎಷ್ಟು?

ಇಲ್ಲಿ ಎಡವೋದು 'ಉಳಿದದ್ದರ' ಅನ್ನೋ ಪದದಲ್ಲಿ. ಮಗಳು ಮೊದಲು ಇಡೀ ಹಿಂಡಿನ ವರ್ಗಮೂಲ ತಗೊಂಡು ಸಿಕ್ಕಿಹಾಕ್ಕೊಂಡ್ಳು. ಮೂರನೇ ಒಂದು ಭಾಗ ಹೋದ ಮೇಲೆ ಉಳಿದದ್ದರ ವರ್ಗಮೂಲ 4 ಅಂತಿಟ್ಟುಕೊಳ್ಳಿ. ಉಳಿದದ್ದು 16; ಅದರಲ್ಲಿ 3 × 4, ಅಂದ್ರೆ 12 ಹೋದ್ರೆ 4. ಕೊಳದ ನಾಲ್ಕು ಆನೆ ಸರಿ ಬಂತು. ಈ 16 ಹಿಂಡಿನ 2/3 ಭಾಗ. ಹಾಗಾಗಿ ಹಿಂಡು 16/1 × 3/2. ಮೇಲಿನ 16, ಕೆಳಗಿನ 2 ಎರಡನ್ನೂ 2ರಿಂದ ಭಾಗಿಸಿದ್ರೆ 8 × 3 = 24. ಮೊದಲು ಗುಣಿಸಿ 48/2 ಮಾಡಿದ್ರೂ ಅದೇ 24. ಭಾಗಾಕಾರವನ್ನ ಮೊದಲೇ ಮುಗಿಸಿಕೊಂಡ್ವಿ ಅಷ್ಟೇ, ವಜ್ರಾಪವರ್ತನದ ಗುಟ್ಟು ಇಷ್ಟೇ.

ಅವಳ ಮೊದಲ ಪ್ರಶ್ನೆಗೆ ಉತ್ತರ ಕನ್ನಡದಲ್ಲೇ ಇತ್ತು. '24ರ ಮೂರನೇ ಒಂದು ಭಾಗ' ಅಂತೀವಲ್ಲ, ಆ 'ರ' ಇದೆಯಲ್ಲ, ಅದೇ ಗುಣಾಕಾರದ ಚಿಹ್ನೆ. ಒಂದಕ್ಕಿಂತ ಚಿಕ್ಕ ಪಾಲು ಕೇಳಿದ್ರೆ ಕಮ್ಮಿನೇ ಸಿಗುತ್ತೆ.

ಆಮೇಲೆ ನವಿಲಿನ ಲೆಕ್ಕಕ್ಕೆ ಕೂತ್ವಿ. ಹಿಂಡಿನ 1/16 ಭಾಗವನ್ನ ಅದರಿಂದಲೇ ಗುಣಿಸಿದಷ್ಟು ನವಿಲು ಮಾವಿನ ಮರದಲ್ಲಿ. ಉಳಿದದ್ದರ 1/9 ಭಾಗವನ್ನ ಅದರಿಂದಲೇ ಗುಣಿಸಿದಷ್ಟು, ಜೊತೆಗೆ ಇನ್ನೂ 14, ತಮಾಲ ವನದಲ್ಲಿ. ನನಗೆ 144 ಬಂತು, ಅವಳಿಗೆ 112. ಅರ್ಧ ಗಂಟೆ ಜಗಳ ಆಡಿದ್ವಿ. ತಾಳೆ ನೋಡಿದ್ರೆ ಎರಡೂ ಸರಿ.